ಜೀಪು ಹೋಗದ ಜಾಗ

ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ ರಸ್ತೆ ಇಲಾಖೆಯ ಇಂಜಿನಿಯರು ನನ್ನ ನಕ್ಷೆಯ ಮೇಲೆ ಬಾಗಿದ್ದಾರೆ, ಕೆಂಪು ಮೊನೆ ಕಾಗದಕ್ಕೆ ಇನ್ನೂ ತಾಗಿಲ್ಲ, ಬೆರಳಷ್ಟು ಮೇಲೆ ನಿಂತಿದೆ, ಕೆಳಗೆ ಬಿಳಿ, ನಾನೇ ಬಿಟ್ಟ ಬಿಳಿ — ಹಸಿರೆಂದರೆ ಪ್ರಾಣಿಗಳು ನೆಲೆಸಿವೆ, ಹಳದಿಯೆಂದರೆ ಹಾದು ಹೋಗುತ್ತವೆ, ಬಿಳಿಯೆಂದರೆ ಯಾರೂ ಹೋಗಿ ನೋಡಿಲ್ಲ, ಅಷ್ಟೇ, ಖಾಲಿ ಅಂತ ಅಲ್ಲ, ಸಮೀಕ್ಷೆಯಲ್ಲಿ ಇಲ್ಲಿನ ಜೌಗಿನ ಅಂಚಿಗೆ ಬಂದಾಗ ಜೀಪಿನ ಡ್ರೈವರು ಚಕ್ರ ಹೂತುಹೋದರೆ ತಳ್ಳೋಕೆ ನೀವು ಇಳೀತೀರಾ ಅಂದ, ನಾವೆಲ್ಲ ನಕ್ಕು ತಿರುಗಿ ಬಂದೆವು, ಇಡೀ ರಾಜ್ಯದ ವನ್ಯಜೀವಿ ಯೋಜನೆ ಅಂತ ಮೇಜಿನ ತುಂಬ ಹರಡಿದ್ದೇವಲ್ಲ, ಇದು ನಿಜಕ್ಕೂ ಒಂದು ಜೀಪಿನ ತಿರುಗಾಟ. ನೋಡಿ ನಮ್ಮ ಹುಡುಗಿ ಮಾಡಿರೋದು, ಒಂದಿಂಚೂ ಬಿಟ್ಟಿಲ್ಲ, ಅಂತ ನಮ್ಮ ಇಲಾಖೆಯ ನಿರ್ದೇಶಕರು ಈಗಷ್ಟೇ ಸಭೆಗೆ ಹೇಳಿದರು, ನಾನು ಉಬ್ಬಿಹೋದೆ, ಅದೇ ಉಸಿರಲ್ಲಿ ಬಿಳಿಯ ಮೇಲೆ ಬೆರಳಿಟ್ಟು ಇಲ್ಲೇನೂ ಇಲ್ಲ ತಾನೇಮ್ಮಾ ಅಂದರು, ಇಲ್ಲ ಸರ್ ಅಂದೆ. ಇನ್ನೊಂದು ಲೋಟ ಚಹಾ ಬೇಡ ಅಂದ ಹಾಗೆ, ಇಲ್ಲ ಸರ್. ಆ ಜೌಗಿನ ದಡದಲ್ಲೇ ಅಕ್ಕನ ಮನೆ, ಮೊನ್ನೆ ಫೋನಿನಲ್ಲಿ, ನಿನ್ನ ನೀರುನಾಯಿಗಳಿಗೆ ಒಂಚೂರೂ ಮರ್ಯಾದೆ ಇಲ್ಲ ಕಣೇ, ನಿಮ್ಮ ಬಾವ ಬಲೆ ಬಿಡಿಸೋದ್ರೊಳಗೆ ಊಟ ಮುಗಿಸಿರ್ತವೆ, ಈಗ ಮರಿಗಳನ್ನೂ ಕರ್ಕೊಂಡು ಬರ್ತಿವೆ, ನೆಂಟರ ಮನೆ ಅನ್ಕೊಂಡಿದಾವೆ, ಬಂದು ನೋಡೇ — ಬರ್ತೀನಿ ಅಕ್ಕಾ — ಬರ್ತೀನಿ ಬರ್ತೀನಿ ಅಂತಾನೇ ಇರ್ತೀಯ. ಅಲ್ಲಿ ರಸ್ತೆ ಬಂದರೆ ಮಣ್ಣು ಸುರಿದು ಜೌಗು ಮುಚ್ಚುತ್ತಾರೆ, ನನಗೆ ಗೊತ್ತು, ಇಲ್ಲಿ ನನಗೊಬ್ಬಳಿಗೇ ಗೊತ್ತು, ಕೆಂಪು ಮೊನೆ ಬಿಳಿಯ ಮೇಲೆ ಆ ಕಡೆ ಈ ಕಡೆ ಅಂದಾಜು ನೋಡುತ್ತಿದೆ, ಹೇಳಿಬಿಡಬೇಕು, ಸರ್ ಅಲ್ಲಿ ನಾವು ನೋಡಿಲ್ಲ, ನಾಲ್ಕೇ ಮಾತು, ಆಮೇಲೆ ನಿರ್ದೇಶಕರು ನನ್ನತ್ತ ತಿರುಗುತ್ತಾರೆ, ಒಂದಿಂಚೂ ಬಿಟ್ಟಿಲ್ಲ ಅಂದ ಅದೇ ಮುಖ, ಅದು ನಿಧಾನವಾಗಿ ಬದಲಾಗುವುದನ್ನು ಇಷ್ಟು ಜನರ ನಡುವೆ ನಿಂತು ನೋಡಬೇಕು. ಸ್ಕೇಲ್ ಇದ್ಯಾ ಮೇಡಂ, ಇಂಜಿನಿಯರು ಮುಚ್ಚಳದ ಸಂದಿಯಿಂದಲೇ ಕೇಳುತ್ತಾರೆ, ಖಾಲಿ ಜಾಗ ಅಂದ್ಮೇಲೆ ನೆಟ್ಟಗೆ ಎಳೆದುಬಿಡೋಣ, ಎಲ್ಲರೂ ನಗುತ್ತಾರೆ, ನನ್ನ ಕೈ ಆಗಲೇ ಸ್ಕೇಲು ಚಾಚಿದೆ, ಅವರು ಆ ತುದಿ ಹಿಡಿದಿದ್ದಾರೆ, ನನ್ನ ಬೆರಳು ಈ ತುದಿ ಬಿಡುತ್ತಿಲ್ಲ, ಬಿಡಿ ಮೇಡಂ — ಈಗ, ಈಗಲೇ, ಬಾಯಿ ತೆರೆಯುತ್ತೇನೆ, ಸರ್, ಅನ್ನುತ್ತೇನೆ, ಎಲ್ಲರೂ ನನ್ನ ಕಡೆ ನೋಡುತ್ತಾರೆ, ನಿರ್ದೇಶಕರೂ, ಹೇಳಮ್ಮಾ, ಸರ್, ಈ ಕಾಗದದ ಮೇಲೆ ಸ್ಕೇಲು ಜಾರತ್ತೆ, ಈ ಕಡೆ ನಾನು ಹಿಡ್ಕೋತೀನಿ. ಹಿಡಿದಿದ್ದೇನೆ. ನನ್ನ ಹೆಬ್ಬೆರಳು ಸ್ಕೇಲನ್ನು ಗಟ್ಟಿಯಾಗಿ ಒತ್ತಿದೆ, ಉಗುರು ಬೆಳ್ಳಗಾಗಿದೆ, ಕೆಂಪು ಮೊನೆ ಇಳಿಯಿತು, ಅದರ ಬದಿಗೇ ನನ್ನ ಹೆಬ್ಬೆರಳು, ಕೆಂಪು ಮೊನೆ, ನನ್ನ ಹೆಬ್ಬೆರಳು, ಕೆಂಪು