ಹಾಲನ್ನದ ಬೆಕ್ಕು

ಚನ್ನವೀರಮ್ಮನ ಬೆಕ್ಕು ಇಲಿ ಮುಟ್ಟುವುದಿಲ್ಲ ಎಂಬ ಸಂಗತಿ ಸಿರುಗುಪ್ಪದ ಆ ಓಣಿಗೆಲ್ಲ ಗೊತ್ತಿತ್ತು. ಮುಟ್ಟುವುದಾದರೂ ಹೇಗೆ? ಮನೆಯ ಹಿಂದಿನ ಅಕ್ಕಿ ಗಿರಣಿಯಲ್ಲಿ ಇಲಿಗಳು ಕೊಬ್ಬಿ ಓಡಾಡುತ್ತಿದ್ದವು, ನಿಜ. ಆದರೆ ಆಕೆಯ ಒಂದೇ ಕೋಣೆಯ ಬಾಡಿಗೆ ಮನೆಯ ಕಿಟಕಿಗೆ ತಂತಿಬಲೆ, ಬಾಗಿಲಿಗೆ ಸದಾ ಚಿಲಕ. ಒಮ್ಮೆ ಆ ಬೆಕ್ಕು, ಚಿನ್ನಿ, ಸತ್ತ ಇಲಿಯೊಂದನ್ನು ತಂದು ಪೂಜೆಯ ಮಣೆಯ ಮೇಲೆ ಇಟ್ಟು, ಭೇಷ್ ಅನ್ನಲಿ ಎಂದು ಕಾದು ಕೂತಿತ್ತು. ಕಿಟಕಿಗೆ ಬಲೆ ಬಿದ್ದದ್ದು ಆವತ್ತೇ.

ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಚನ್ನವೀರಮ್ಮ ಬೆಕ್ಕಿನ ಹಣೆಗೂ ಒರೆಸುತ್ತಿದ್ದಳು. ಆಮೇಲೆ ಅದಕ್ಕೆ ಹಾಲನ್ನ. "ನಮ್ಮ ಚಿನ್ನಿ ಶರಣಿ ಅದಾಳ" ಎಂದು ಕಂಡವರಿಗೆಲ್ಲ ಹೇಳಿಕೊಳ್ಳುವಳು. ಆ ಪದವಿ ಬೇಕೋ ಬೇಡವೋ ಎಂದು ಬೆಕ್ಕನ್ನು ಕೇಳಿದವರಿಲ್ಲ.

ಹಗಲೆಲ್ಲ ಆಕೆಗೆ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುವ ಕೆಲಸ. ಊರ ಮಕ್ಕಳ ಲಂಗ, ಅಂಗಿ, ಕುಲಾವಿ ಆಕೆಯ ಕೈಯಿಂದ ಹಾದು ಹೋಗುತ್ತಿದ್ದವು. ಸಂಜೆ ಮನೆಗೆ ಬಂದರೆ "ಉಂಡ್ಯಾ?" ಎನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ. ಬೆಕ್ಕು ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಅಷ್ಟೆ. ಈ ಊರಿಗೆ ಬಂದ ಏಳು ವರ್ಷಗಳಲ್ಲಿ ಕೊನೆಯ ಮೂರನ್ನು ಅಷ್ಟನ್ನೇ ನೆಚ್ಚಿಕೊಂಡು ಕಳೆದಿದ್ದಳು.

ಅದಕ್ಕೂ ಮೊದಲು ಕುರುಗೋಡಿನಲ್ಲಿ ದೊಡ್ಡಬಸಪ್ಪನ ಹೆಂಡತಿಯಾಗಿ ಎಂಟು ವರ್ಷ. ಮಡಿಲು ತುಂಬಲಿಲ್ಲ. ಅತ್ತೆ ಕಂಡ ಕಂಡ ದೇವರಿಗೆ ಹರಕೆ ಹೊತ್ತಳು, ಕಂಡ ಕಂಡವರ ಕೈಯಿಂದ ದಾರ ಕಟ್ಟಿಸಿದಳು, ಬೂದಿ ಕಲಸಿದ ನೀರು ಕುಡಿಸಿದಳು. ಆಸ್ಪತ್ರೆ ಎಂಬುದೊಂದು ಇದೆ ಎಂದು ಯಾರೂ ಅನ್ನಲಿಲ್ಲ. ಗಂಡಸನ್ನು ಅಲ್ಲಿಗೆ ಕರೆದೊಯ್ಯುವ ಮಾತಂತೂ ಆ ಮನೆಯ ಹೊಸ್ತಿಲು ದಾಟಿ ಬರುವಂಥದ್ದಲ್ಲ. ಕೊನೆಗೆ ದೊಡ್ಡಬಸಪ್ಪ ಕೊಟ್ರಮ್ಮ ಎಂಬ ಹತ್ತೊಂಬತ್ತರ ಹುಡುಗಿಯನ್ನು ಕಟ್ಟಿಕೊಂಡು ಬಂದ. ಚನ್ನವೀರಮ್ಮ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಎತ್ತಿಕೊಂಡು ಹೊರಟವಳು, ಬಾಗಿಲಲ್ಲಿ ನಿಂತು ಆ ಹುಡುಗಿಗೆ ಶಾಪ ಹಾಕಿದಳು: "ನಿನ್ನ ಮಡ್ಲೂ ತುಂಬಬಾರ್ದು."

ಏಳು ವರ್ಷ ಕಳೆದರೂ ಅದು ತುಂಬಲಿಲ್ಲ. ಈಗ ದಾರ, ಬೂದಿ ಎಲ್ಲ ಕೊಟ್ರಮ್ಮನ ಪಾಲಿಗೆ ಎಂಬ ಸುದ್ದಿ ಬಂದಾಗ ಚನ್ನವೀರಮ್ಮನಿಗೆ ಒಂದು ಗುಟುಕು ಸಂತೋಷವಾಯಿತು, ಸುಳ್ಳು ಯಾಕೆ? ಆಮೇಲೆ ಹೆದರಿಕೆಯಾಯಿತು. ತನ್ನ ಹೊಟ್ಟೆಯದು ದೋಷ, ಆಕೆಯ ಹೊಟ್ಟೆಗೆ ತನ್ನ ಶಾಪ ಎಂದೇ ನಂಬಿದಳು.

ಇಷ್ಟೆಲ್ಲ ನುಂಗಿಕೊಂಡಿದ್ದವಳಿಗೆ ಬೆಕ್ಕಿನ ಚಿಂತೆ ಬೇರೆ ಗಂಟುಬಿತ್ತು. ಚಿನ್ನಿಯ ಮೈ ಒಣಗಿ ಹೊಟ್ಟು ಉದುರತೊಡಗಿತು, ಕೂದಲು ಕೈಗೆ ಬರತೊಡಗಿತು. ಚಿಲಕ ತಪ್ಪಿಸಿಕೊಂಡು ಎರಡು ಸಲ ಬಸಿರಾಯಿತು. ಮೊದಲ ಸಲ ಸತ್ತ ಮರಿ ಹಾಕಿತು, ಎರಡನೆಯ ಸಲ ಅರ್ಧಕ್ಕೇ ಹೋಯಿತು. ಮನೆಯ ಒಡತಿ ವಿರೂಪಮ್ಮನ ನಾಯಿಗೂ ಹಿಂದೆ ಹೀಗೇ ಮೈ ಒಣಗಿತ್ತು. ದನದ ಡಾಕ್ಟರು ದಿನಾ ಒಂದು ಚಮಚ ಕುಸುಬಿ ಎಣ್ಣೆ ಹಾಕಲು ಹೇಳಿದ ಮೇಲೆ ಎರಡೇ ತಿಂಗಳಲ್ಲಿ ಅದು ಮಿರಿಮಿರಿ ಮಿಂಚಿತ್ತು. ಚನ್ನವೀರಮ್ಮ ಅದನ್ನೇ ಹಿಡಿದು ಆರು ತಿಂಗಳು ಹಾಲನ್ನಕ್ಕೆ ಕುಸುಬಿ ಎಣ್ಣೆ ಕಲಸಿದಳು. ಬೆಕ್ಕು ಮಾತ್ರ ಹಾಗೇ ಸೊರಗಿತು.

ಒಂದು ದಿನ ನಲ್ಲಿಯ ಹತ್ತಿರ ವಿರೂಪಮ್ಮ ಯಾರಿಗೋ ಹೇಳುತ್ತಿದ್ದಳು: "ಬಂಜಿ ಕೈಯಾಗಿನ ಬೆಕ್ಕು ಹೆಂಗ ಈದೀತವ್ವಾ?"

ಕೊಡ ಅರ್ಧ ತುಂಬಿತ್ತು. ಚನ್ನವೀರಮ್ಮ ಅರ್ಧ ಕೊಡವನ್ನೇ ಎತ್ತಿಕೊಂಡು ಒಳಗೆ ಬಂದು ಚಿಲಕ ಹಾಕಿಕೊಂಡಳು. ತಾನು ಮುಟ್ಟಿದ್ದೆಲ್ಲ ಒಣಗುತ್ತದೆಯೇ ಎಂಬ ಪ್ರಶ್ನೆ ಎದೆಯಲ್ಲಿ ಕೂತು ಏಳಲಿಲ್ಲ.

ಮರುದಿನ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಕಟ್ಟಿ ದನದ ಆಸ್ಪತ್ರೆಗೆ ಹೊರಟಳು. ಎತ್ತು, ಎಮ್ಮೆಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸನ್ನು ಕಂಡು ರೈತರು ನಕ್ಕರು. ಡಾಕ್ಟರು ಹಂಪಯ್ಯ ನಗಲಿಲ್ಲ. ಕಾಲೇಜು ಮುಗಿಸಿ ಬಂದು ವರ್ಷ ತುಂಬಿತ್ತಷ್ಟೆ. ಚಿನ್ನಿಯ ಕೂದಲು ಸರಿಸಿ ಚರ್ಮ ನೋಡಿದ.

"ಏನು ಹಾಕ್ತೀರಿ ಅಕ್ಕಾರ?"

"ಹಾಲನ್ನ, ತುಪ್ಪ, ಕುಸುಬಿ ಎಣ್ಣಿರಿ. ನಾಯಿಗೆ ನೀವ ಹೇಳಿದ್ರಂತಲ್ಲ."

"ನಾಯಿಗೆ ಹೇಳಿದ್ನಿರಿ. ಬೆಕ್ಕು ನಾಯಿ ಅಲ್ಲಲ್ಲ." ಹಂಪಯ್ಯ ಕೈ ಒರೆಸಿಕೊಂಡ. "ನಾಯಿ ಮೈಯಾಗ ಒಂದು ಗಾಣ ಐತಿ ಅನ್ಕೋರಿ. ಕುಸುಬಿ ಎಣ್ಣ್ಯಾಗಿನ ಕೊಬ್ಬನ್ನ ತಿರುವಿ, ತನಗ ಬೇಕಾದ ಇನ್ನೊಂದು ಕೊಬ್ಬು ಮಾಡ್ಕಂತೈತಿ. ಬೆಕ್ಕಿನ ಮೈಯಾಗ ಆ ಗಾಣ ಇಲ್ಲ. ಅದಕ್ಕ ಮಾಡಿಟ್ಟಿದ್ದೇ ಬೇಕು. ಅದು ಇಲಿ, ಮೀನು, ಮಾಂಸ ಇಂಥಾದ್ರಾಗ ಐತಿ. ಅದು ಸಿಗಲಿಲ್ಲಂದ್ರ ಮೈ ಒಣಗತೈತಿ, ಮರಿ ನಿಲ್ಲಂಗಿಲ್ಲ. ಹೊಸ ಪುಸ್ತಕದಾಗ ಬರದಾರ್ರಿ."

"ಹಾಲು, ತುಪ್ಪ ಇನ್ನಷ್ಟು ಜಾಸ್ತಿ ಹಾಕಿದ್ರ?"

"ಸಾಲಂಗಿಲ್ರಿ. ದೀಕ್ಷಾ ನಿಮಗ ಆಗೇತಿ, ಅದಕ್ಕ ಆಗಿಲ್ಲ."

ಚನ್ನವೀರಮ್ಮನ ಕೈ ತಾನಾಗಿ ಕೊರಳ ಲಿಂಗದ ಮೇಲೆ ಹೋಯಿತು. ಅದನ್ನು ಹಿಡಿದುಕೊಂಡೇ ಹೇಳಿದಳು, "ಇದು ಬಂಜಿ ಅಂತಾರ್ರಿ."

"ಯಾರಂತಾರ? ಹೊಟ್ಟಿಗೆ ಬೇಕಾದ್ದು ಹೋಗಿಲ್ಲ. ಅದನ್ನ ನೋಡದ ಹೆಣ್ಣಿನ ಮ್ಯಾಲೆ ಹಾಕಿಬಿಡಾದಾ? ಇದರದೇನು ತಪ್ಪೈತ್ರಿ?"

ಹಂಪಯ್ಯ ಮುಂದಿನ ಎಮ್ಮೆಯ ಕಡೆ ತಿರುಗಿದ. ಚನ್ನವೀರಮ್ಮ ಬುಟ್ಟಿ ತಬ್ಬಿಕೊಂಡು ಆಸ್ಪತ್ರೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದಳು. ಮನೆಯೊಳಗೆ ಮೀನು ತರಲು ವಿರೂಪಮ್ಮ ಬಿಡುವುದಿಲ್ಲ, ತನ್ನ ಕೈಯೂ ಏಳುವುದಿಲ್ಲ. ಬಲೆ ತೆಗೆದು ಗಿರಣಿಗೆ ಬಿಡೋಣವೆಂದರೆ ಅಲ್ಲಿ ಇಲಿಗೆ ವಿಷ ಇಡುತ್ತಾರೆ. ಉಳಿಸಿಕೊಂಡರೆ ಬೆಕ್ಕು ಸಾಯುತ್ತದೆ. ಬೆಕ್ಕು ಬದುಕಬೇಕೆಂದರೆ ತಾನು ಬಿಟ್ಟುಕೊಡಬೇಕು. ಬೇರೆ ದಾರಿ ಎಷ್ಟು ಹುಡುಕಿದರೂ ಕಾಣಲಿಲ್ಲ.

ಓಣಿಯ ಕೊನೆಗೆ ಹುಲುಗಮ್ಮನ ಮನೆ. ಹೊಳೆಮೀನು ಮಾರುವವಳು. ಎದುರಾದಾಗ ಚನ್ನವೀರಮ್ಮ ಸೆರಗು ಮೂಗಿಗೆ ಹಿಡಿದು ದಾಟುತ್ತಿದ್ದಳು. ಆ ದಿನ ಆ ಅಂಗಳಕ್ಕೇ ಬಂದು ನಿಂತಳು.

"ಅಮ್ಮಾರ, ನೀವು? ನಮ್ಮನಿಗೆ?" ಹುಲುಗಮ್ಮ ಗಾಬರಿಯಾಗಿ ಎದ್ದಳು.

"ಇದನ್ನ ಇಟ್ಕೊಳ್ಳವ್ವಾ. ನನ್ನ ಕೈಲಿ ಆಗವಲ್ದು."

ಬುಟ್ಟಿ ಬಿಚ್ಚಿದ್ದೇ ತಡ, ಚಿನ್ನಿ ಅಂಗಳದಲ್ಲಿ ಬಿದ್ದಿದ್ದ ಮೀನಿನ ತಲೆಯ ಮೇಲೆ ಎರಗಿತು. ಕಣ್ಣು ಮುಚ್ಚಿ, ಗುರ್ ಎನ್ನುತ್ತ, ಮುಳ್ಳು ಸಮೇತ ಅಗಿಯಿತು. ಚನ್ನವೀರಮ್ಮ ಮುಖ ತಿರುಗಿಸಿಕೊಂಡಳು. ವಾಸನೆಗಲ್ಲ. ತನ್ನ ತಟ್ಟೆಯಲ್ಲಿ ಅದು ಒಂದು ದಿನವೂ ಹಾಗೆ ತಿಂದಿರಲಿಲ್ಲ.

ಆಮೇಲಿನ ದಿನಗಳನ್ನು ಏನು ಹೇಳುವುದು? ಪೂಜೆಯಾದ ಮೇಲೆ ಬೆರಳಲ್ಲಿ ಉಳಿದ ವಿಭೂತಿಯನ್ನು ಎಲ್ಲಿ ಒರೆಸಬೇಕೋ ತಿಳಿಯದೆ ಸೀರೆಗೆ ಒರೆಸುವಳು. ಹಾಲು ಇಬ್ಬರಿಗೆ ಕಾಸಿ, ನೆನಪಾಗಿ ಅರ್ಧವನ್ನು ಪಾತ್ರೆಯಲ್ಲೇ ಬಿಡುವಳು. ಚಿಲಕ ಹಾಕುವುದನ್ನು ಬಿಟ್ಟಳು, ಬಂದರೆ ಬರಲಿ ಎಂದು. ಬರಲಿಲ್ಲ. ಬೆಕ್ಕು ಉಪಕಾರ ಮರೆಯಿತೆಂದು ಬೈಯಲೂ ಆಕೆಗೆ ಬಾಯಿ ಬರಲಿಲ್ಲ. ಮನೆ ಮೊದಲಿಗಿಂತ ದೊಡ್ಡದಾದಂತೆ ಕಾಣುತ್ತಿತ್ತು, ಒಂದೇ ಕೋಣೆಯದಾದರೂ.

ಯುಗಾದಿ ಕಳೆದು ದೀಪಾವಳಿ ಬಂತು. ಹಬ್ಬದ ಮರುದಿನ ಹುಲುಗಮ್ಮ ಓಡಿಬಂದು ಬಾಗಿಲ ಹೊರಗೇ ನಿಂತು ಕೂಗಿದಳು: "ಅಮ್ಮಾರ, ಬರ್ರಿ, ಚಿನ್ನಿ ಈದೈತಿ! ನಾಕು ಮರಿ, ನಾಕೂ ಜೀವಂತ ಅದಾವ!"

ಚನ್ನವೀರಮ್ಮ ಕಾಲಿಗೆ ಚಪ್ಪಲಿಯಿಲ್ಲದೆ ಹೋದಳು, ಹುಲುಗಮ್ಮನ ಹೊಸ್ತಿಲು ದಾಟಿದಳು. ಮೂಲೆಯ ಗೋಣಿಚೀಲದ ಮೇಲೆ ಚಿನ್ನಿ ಮಲಗಿತ್ತು. ಮೈ ತುಂಬ ಕೂದಲು, ಎಣ್ಣೆ ಸವರಿದಂತೆ ಹೊಳಪು. ಹೊಟ್ಟೆಗೆ ನಾಲ್ಕು ಜೀವ ಅಂಟಿಕೊಂಡು ಚೀಪುತ್ತಿದ್ದವು. "ಚಿನ್ನಿ" ಎಂದಳು. ಅದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

"ಒಂದು ಒಯ್ರಿ ಅಮ್ಮಾರ, ಹಾಲು ಬಿಟ್ಟ ಮ್ಯಾಲೆ. ಒಬ್ಬರ ಅದೀರಿ."

"ಬ್ಯಾಡವ್ವಾ. ಅದಕ್ಕ ಬೇಕಾದ್ದು ನನ್ನ ಮನ್ಯಾಗಿಲ್ಲ."

ಹಾಗೆಂದದ್ದೇ ಆಕೆಗೆ ಅಳು ಒತ್ತಿಕೊಂಡು ಬಂತು. ಎಂಟು ವರ್ಷ ದಾರ ಕಟ್ಟಿದರು, ಬೂದಿ ಕುಡಿಸಿದರು. ಕೊರತೆ ಹೆಂಡತಿಯದೋ ಗಂಡನದೋ ಎಂದು ಒಬ್ಬರೂ ನೋಡಲಿಲ್ಲ. ಎಲ್ಲರಂತೆ ತಾನೂ ತನ್ನನ್ನೇ ಬೈದುಕೊಂಡಳು. ಕುರುಗೋಡಿನ ಅದೇ ಅಡುಗೆಮನೆಯಲ್ಲಿ ಇನ್ನೊಬ್ಬಳು ಇವತ್ತೂ ಅದೇ ಬೂದಿ ಕುಡಿಯುತ್ತಿದ್ದಾಳೆ, ಮೇಲೆ ತನ್ನ ಶಾಪವನ್ನೂ ಹೊತ್ತು. ಹುಲುಗಮ್ಮ ಮುಟ್ಟಬಹುದೋ ಬಾರದೋ ಎಂದು ಅನುಮಾನಿಸಿ, ಕೊನೆಗೆ ಬೆನ್ನ ಮೇಲೆ ಕೈಯಿಟ್ಟಳು. ಚನ್ನವೀರಮ್ಮ ಸರಿಯಲಿಲ್ಲ.

"ನಾಳಿ ಕುರುಗೋಡಿಗೆ ಮೊದಲ್ನೇ ಬಸ್ಸು ಎಷ್ಟಕ್ಕವ್ವಾ?"

"ಅಲ್ಲಿ ನಿಮಗ ಯಾರದಾರ್ರಿ?"

ಚನ್ನವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ತಂಗಿ ಒಬ್ಬಾಕಿ ಅದಾಳ. ಕೊಟ್ರಮ್ಮ ಅಂತ. ತಪ್ಪು ನಿಂದಲ್ಲ ಅಂತ ಆಕಿಗೆ ಯಾರರ ಹೇಳ್ಬೇಕಲ್ಲವ್ವಾ. ನನಗ ಯಾರೂ ಹೇಳ್ಲಿಲ್ಲ."