ಮಗಳ ಹೆಸರಿನ ಸಾಲ

ಬಿ.ಜಿ. ಕೆರೆಯ ಮಹಿಳಾ ಸಂಘದವರು ಸಾಲ ಕೊಡುವ ಮುನ್ನ ಕಾರಣ ಕೇಳುತ್ತಾರೆ. ಕೇಳಿ ಸುಮ್ಮನಾಗುವವರಲ್ಲ. ಹನ್ನೆರಡು ಹೆಂಗಸರೂ ಆ ಕಾರಣವನ್ನು ಅಳೆದು ಸುರಿದು, ಮನಸ್ಸಿಗೆ ಬಂದರೆ ಮಾತ್ರ ಪುಸ್ತಕಕ್ಕೆ ಹತ್ತಿಸುತ್ತಾರೆ. ಎಮ್ಮೆಗೆ ಅಂದರೆ ಕೊಡುತ್ತಾರೆ, ಮದುವೆಗೆ ಅಂದರೆ ಕಣ್ಣು ಮುಚ್ಚಿ ಕೊಡುತ್ತಾರೆ. ನಲವತ್ತರ ಹೆಂಗಸು ತಾನು ಓದುತ್ತೇನೆ ಅಂದರೆ ನಗುತ್ತಾರೆ.

ಶಾಂತಕುಮಾರಿಗೆ ಅದು ಗೊತ್ತಿತ್ತು. ಊರಿನ ಖಾಸಗಿ ಶಾಲೆಯಲ್ಲಿ ಅವಳು ಒಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದಳು. ಬಿ.ಎಡ್.ಗೆ ಸೇರಿದ ರಸೀದಿ ತೋರಿಸದಿದ್ದರೆ ಕೆಲಸವಿಲ್ಲ ಎಂದು ಆಡಳಿತದವರು ಕಳೆದ ವರ್ಷ ಕಡ್ಡಿ ಮುರಿದಂತೆ ಹೇಳಿದರು. ಅದೇ ತಿಂಗಳು ಮಗಳು ಸುನಿತಾಗೆ ಚಳ್ಳಕೆರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಗಂಡ ಪಾಲಾಕ್ಷ ಬಳ್ಳಾರಿಯಲ್ಲಿ ಇನ್ನೊಂದು ಸಂಸಾರ ಹೂಡಿ ಈ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ. ಸಂಘದಲ್ಲಿ ವರ್ಷಕ್ಕೆ ಮನೆಗೊಂದೇ ಸಾಲ, ನಲವತ್ತು ಸಾವಿರ.

“ಮಗಳ ನರ್ಸಿಂಗಿಗೆ” ಎಂದು ಶಾಂತಕುಮಾರಿ ಬರೆಸಿದಳು. ದುಡ್ಡನ್ನು ತನ್ನ ದೂರಶಿಕ್ಷಣದ ಬಿ.ಎಡ್.ಗೆ ಕಟ್ಟಿದಳು.

ಕದ್ದು ಮಾಡಿದ್ದಲ್ಲ, ಮಗಳನ್ನು ಕೂರಿಸಿಕೊಂಡು ಹೇಳಿಯೇ ಮಾಡಿದ್ದು. “ನನ್ ಕೆಲ್ಸ ಹೋದ್ರೆ ಇಬ್ರೂ ಬೀದಿಗ್ ಬೀಳ್ತೀವಿ ಕಣವ್ವ. ಇದೊಂದ್ ವರ್ಷ ತಡ್ಕ. ಬರೋ ಜೂನಿಗೆ ಸಾಲ ನಿಂದು. ನನ್ ಎರಡ್ನೇ ವರ್ಷದ್ದು ಸಂಬಳದಾಗೆ ಹೆಂಗಾರ ಕಟ್ಕೊಂತೀನಿ.”

“ಆಗ್ಲಿ ಬಿಡವ್ವ” ಅಂದಳು ಸುನಿತಾ. ಹದಿನೆಂಟರ ಹುಡುಗಿ ಇನ್ನೇನು ಅಂದಾಳು?

ಹೇಳಿದ ಸುಳ್ಳನ್ನು ಸಾಕಬೇಕಲ್ಲ. ಸುನಿತಾ ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಚಳ್ಳಕೆರೆ ಬಸ್ಸು ಹತ್ತಿದಳು. ಎಣ್ಣೆ ಮಿಲ್ಲೊಂದರ ಹಿಂದಿನ ಕೋಣೆಯಲ್ಲಿ ಬಿಲ್ಲು ಟೈಪು ಮಾಡಿದಳು. ಸಂಘದ ವಾರದ ಕಂತು ಹೋಗುತ್ತಿದ್ದದ್ದು ಅವಳ ಆ ಕೂಲಿಯಿಂದಲೇ. ಬಸ್ಸಿನಲ್ಲಿ ಊರಿನವರು “ಏನ್ ನರ್ಸಮ್ಮ” ಅಂದರೆ ನಗುತ್ತಿದ್ದಳು. ಸಂಜೆ ಅವಳ ಬಟ್ಟೆಯಿಂದ ಶೇಂಗಾ ಹಿಂಡಿಯ ವಾಸನೆ ಬಂದರೆ ಶಾಂತಕುಮಾರಿಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಗೆ ಮಗಳ ಮೇಲೇ ರೇಗುತ್ತಿದ್ದಳು. ಇನ್ನೊಂದು ಮಾತು ಅವಳು ಯಾರಿಗೂ ಹೇಳಿರಲಿಲ್ಲ. ಓದು ಅವಳಿಗೆ ರುಚಿಸಿಬಿಟ್ಟಿತ್ತು. ಮೊದಲ ವರ್ಷ ಎಪ್ಪತ್ತೆರಡು ಪರ್ಸೆಂಟು ಬಂದಾಗ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಜೂನ್ ಬಂತು. ಸಂಬಳ ಹೆಚ್ಚಿಸುತ್ತೇವೆ ಎಂದಿದ್ದ ಶಾಲೆಯವರು ಕೈ ಎತ್ತಿದರು. ಎರಡನೇ ವರ್ಷದ ರಸೀದಿ ಮಾತ್ರ ತಪ್ಪದೆ ಕೇಳಿದರು. ಸುನಿತಾ ಕಾಲೇಜಿಗೆ ತಾನೇ ಹೋಗಿ ಅರ್ಜಿ ತಂದು, ಫೋಟೋ ಅಂಟಿಸಿ ಅವ್ವನ ಮುಂದಿಟ್ಟಳು. “ಸೋಮವಾರ ಕೊನೇ ದಿನ ಅವ್ವ.”

“ಕಟ್ಟಾನ” ಅಂದಳು ಶಾಂತಕುಮಾರಿ. ಆ ಮಾತಿನಲ್ಲಿ ಕಪಟವಿರಲಿಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೆ ಮಗಳನ್ನು ಕರೆದುಕೊಂಡು ಸಂಘದ ಸಭೆಗೆ ಹೊರಟಾಗಲೂ ದುಡ್ಡು ಅವಳಿಗೇ ಕೊಡುವುದೆಂದು ಇದ್ದಳು.

ಹಳೆಯ ಸಾಲ ತೀರಿತ್ತು. “ಒಂದ್ ಕಂತೂ ತಪ್ಪಿಸಿಲ್ಲ ನೋಡ್ರಿ, ಮಗಳ್ನ ಓದುಸ್ತಾ ಅವ್ಳೆ. ಮತ್ತೆ ಕೊಡಾನ” ಅಂದಳು ಅಧ್ಯಕ್ಷೆ ಮಂಜುಳಮ್ಮ. ಎಲ್ಲರೂ ಒಪ್ಪಿ ಕೈ ಎತ್ತಿದರು. ಪುಸ್ತಕ ಬರೆಯುವ ಅನ್ನಪೂರ್ಣಮ್ಮ ದುಡ್ಡು ಎಣಿಸಿ, ಈ ಸಲ ತಾಯಿಗೆ ಕೊಡಲಿಲ್ಲ. “ಓದೋಳು ನೀನು, ನೀನೇ ಇಸ್ಕ” ಎಂದು ಸುನಿತಾಳ ಕೈಗಿಟ್ಟಳು.

ಸುನಿತಾ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಮುಖ ಅರಳಿತು. ಇಡೀ ವರ್ಷದಲ್ಲಿ ಶಾಂತಕುಮಾರಿ ಆ ಮುಖವನ್ನು ಹಾಗೆ ಕಂಡಿರಲಿಲ್ಲ. ಕಂಡು ಸಂತೋಷಪಡಬೇಕಿತ್ತು. ತನ್ನ ಕೆಲಸ ಹೋಯಿತು, ಓದೂ ಹೋಯಿತು, ಇನ್ನು ಕೂಲಿಯೇ ಗತಿ ಎಂಬುದೊಂದೇ ತಲೆಗೆ ಬಂತು. ಅವಳು ಕೈ ಚಾಚಿದಳು.

“ಕೊಡಿಲ್ಲಿ. ನೀನು ಕಳ್ಕೊಂತೀಯ.”

ಹೆಂಗಸರು ನಕ್ಕರು. ಸುನಿತಾ ನಗಲಿಲ್ಲ. ಅವ್ವನ ಮುಖ ನೋಡಿದಳು, ಚಾಚಿದ ಕೈ ನೋಡಿದಳು. ಹನ್ನೆರಡು ಜನರ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು. ನೋಟುಗಳನ್ನು ಆ ಕೈಗಿಟ್ಟು ಎದ್ದು ನಿಂತಳು.

“ಕಾಲೇಜಿಗೆ ಹೊತ್ತಾತು. ಬರ್ತೀನ್ರಿ” ಎಂದು ಎಲ್ಲರಿಗೂ ಹೇಳಿ, ಬ್ಯಾಗು ಹೆಗಲಿಗೇರಿಸಿಕೊಂಡು ಮಿಲ್ಲಿಗೆ ಹೋಗಲು ಚಳ್ಳಕೆರೆ ಬಸ್ಸಿಗೆ ನಡೆದಳು.

“ನಿನ್ ಹೊಟ್ಟೇಲಿ ಹುಟ್ಟಾಕೆ ಮಗ್ಳು ಪುಣ್ಯ ಮಾಡಿದ್ಲು ಕಣೇ” ಅಂದಳು ಮಂಜುಳಮ್ಮ.

ಶಾಂತಕುಮಾರಿ ಹೂಂ ಅಂದಳು.