ನುಂಗದೆ ಹೇಳಿದ ರುಚಿ

ಗಾಜಿನ ಲೋಟದ ತಳದಲ್ಲಿ ಎರಡು ಬೆರಳಿನಷ್ಟು ಕಂದು ರಸ ಹಿಡಿದುಕೊಂಡು ಭಾರ್ಗವ್ ಟ್ಯಾಂಕುಗಳ ಸಂದಿಯಲ್ಲಿ ಬಂದನೆಂದರೆ ಅಂದು ಗುರುವಾರ ಎಂದು ಜಂಬಮ್ಮನಿಗೆ ಕ್ಯಾಲೆಂಡರು ನೋಡದೆಯೇ ತಿಳಿಯುತ್ತಿತ್ತು. ನೆಲ ತಿಕ್ಕುವ ಬ್ರಷ್ಷನ್ನು ಗೋಡೆಗೆ ಒರಗಿಸಿ, ಅದಕ್ಕೆಂದೇ ಒಗೆದು ಇಟ್ಟುಕೊಂಡ ಬಟ್ಟೆಗೆ ಕೈ ಒರೆಸಿಕೊಂಡು, ಎಡ ಅಂಗೈ ಚಾಚುತ್ತಿದ್ದಳು. ಅವನು ನಾಲ್ಕು ಹನಿ ಬಿಡುತ್ತಿದ್ದ. ಬಲ ಅಂಗೈಯಿಂದ ಒಮ್ಮೆ ತಿಕ್ಕಿ, ಎರಡೂ ಕೈ ಬೊಗಸೆ ಮಾಡಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದಳು.

"ಹೇಳ್ರಿ ಜಂಬಮ್ಮ."

"ತಡೀರಿ ಸರ. ಬಸ್ಸೇನು ತಪ್ಪಿ ಹೋಗಾಕತ್ತಿಲ್ಲ."

ಮಲಪನಗುಡಿ ದಾಟಿದ ಮೇಲೆ ರಸ್ತೆಯ ಎಡಕ್ಕೆ ಸಿಗುವ ಆ ರೆಸಾರ್ಟಿನಲ್ಲಿ ಅವಳದು ತೊಳೆಯುವ ಕೆಲಸ. ಹಂಪಿ ನೋಡಲು ಬಂದವರು ಸಂಜೆ ಕೂತು ಕುಡಿಯಲೆಂದು ಒಡೆಯ ಶಂಭುಲಿಂಗಪ್ಪ ಅಲ್ಲೇ ಬಿಯರ್ ತಯಾರಿಸುವ ಕೋಣೆಯೊಂದನ್ನು ಕಟ್ಟಿಸಿದ್ದ. ಗಾಜಿನ ಗೋಡೆಯ ಹಿಂದೆ ನಾಲ್ಕು ಸ್ಟೀಲ್ ಟ್ಯಾಂಕು. ಮೂರರಲ್ಲಿ ವಾರ ವಾರ ಬದಲಾಗುವ ತೆಳು ಬಿಯರ್. ನಾಲ್ಕನೆಯದರಲ್ಲಿ ಹನ್ನೊಂದು ತಿಂಗಳಿಂದ ಒಂದೇ ರಸ, ಕದಲದೆ ಮಲಗಿತ್ತು. ಅದರ ಹೆಸರು ಬಾರ್ಲಿ ವೈನ್.

"ವೈನ್ ಅಂತೀರಿ, ದ್ರಾಕ್ಷಿನ ಹಾಕಿಲ್ಲಲ್ರಿ ಸರ?" ಎಂದು ಮೊದಲ ದಿನವೇ ಕೇಳಿದ್ದಳು.

"ದ್ರಾಕ್ಷಿ ಇಲ್ಲ. ಜವೆಗೋಧಿ ಮೊಳಕೆ ಬರಿಸಿ, ಹುರಿದು, ಗಟ್ಟಿಯಾಗಿ ಕುದಿಸಿ ಮಾಡಿದ ಬಿಯರೇ ಇದು. ಆದ್ರೆ ವೈನಿನಷ್ಟು ಖಡಕ್. ಅದಕ್ಕೇ ಆ ಹೆಸರು."

"ಅಂದ್ರ ಹೆಸರು ಮಂದೀದ ತಂದಿಟ್ಟಾರ ಬಿಡ್ರಿ."

ಭಾರ್ಗವ್ ನಕ್ಕಿದ್ದ. ಹೊಸಪೇಟೆಯ ಮೇಷ್ಟ್ರ ಮಗ, ಪುಣೆಯಲ್ಲಿ ಈ ಕೆಲಸ ಕಲಿತು ಬಂದವನು. ಮನೆಯಲ್ಲಿ ಮಾತ್ರ ಹೋಟೆಲ್ ಮ್ಯಾನೇಜರ್ ಎಂದೇ ಹೇಳಿಕೊಂಡಿದ್ದ. ಕೆಟ್ಟವನಲ್ಲ. ಆದರೆ ನೆಗಡಿ ಅವನನ್ನು ಬಿಡುತ್ತಿರಲಿಲ್ಲ; ವರ್ಷದಲ್ಲಿ ಎಂಟು ತಿಂಗಳು ಮೂಗು ಕಟ್ಟಿರುತ್ತಿತ್ತು. ರುಚಿ ಹೇಳಿ ಬದುಕಬೇಕಾದವನಿಗೆ ಮೂಗೇ ಇಲ್ಲದಿದ್ದರೆ ಹೇಗೆ? ಎಂಟು ತಿಂಗಳ ಹಿಂದೆ ಒಂದು ದಿನ ನಾಲ್ಕನೆಯ ಟ್ಯಾಂಕಿನ ನಲ್ಲಿ ತೊಳೆಯುತ್ತಿದ್ದ ಜಂಬಮ್ಮ ತನ್ನಷ್ಟಕ್ಕೆ, "ಇದು ಕಾಕಂಬಿ ಆಗಾಕ ಹತ್ತೈತಿ" ಎಂದು ಗೊಣಗಿದ್ದನ್ನು ಕೇಳಿಸಿಕೊಂಡ. ಅಂದಿನಿಂದ ಗುರುವಾರದ ಈ ಪದ್ಧತಿ.

ಅವಳ ಮೂಗು ಕಂಪ್ಲಿಯ ಆಲೆಮನೆಯಲ್ಲಿ ಪಳಗಿದ್ದು. ತಂದೆ ಉಚ್ಚೆಂಗಪ್ಪ ಸುತ್ತ ಹತ್ತು ಊರಿಗೆ ಹೆಸರಾದ ಹದಗಾರ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು ಪಾಕವಾಗುವಾಗ, ಬೆಲ್ಲವಾಗುವ ಹದವೊಂದು ಬರುತ್ತದೆ. ಅದಕ್ಕಿಂತ ಮುಂಚೆ ಇಳಿಸಿದರೆ ಬೆಲ್ಲ ಜಿನುಗುತ್ತದೆ, ದಾಟಿದರೆ ಕಹಿಯಾಗುತ್ತದೆ. ಆ ಗಳಿಗೆಯಲ್ಲಿ "ಇಳಿಸ್ರಲೇ!" ಎಂದು ಕೂಗುವ ಹಕ್ಕು ಹದಗಾರನೊಬ್ಬನಿಗೇ. ಅವನು ಕೂಗಿದ ಮೇಲೆ ಹೊಲದ ಒಡೆಯನೂ ಎದುರು ಮಾತಾಡುವಂತಿರಲಿಲ್ಲ. ಮೂವತ್ತು ವರ್ಷ ಹೊಗೆ ಕುಡಿದು ಉಚ್ಚೆಂಗಪ್ಪನ ಮೂಗು ಸತ್ತಿತು. ಆಗ ಹದಿನಾಲ್ಕರ ಜಂಬಮ್ಮ ಬೆಂಕಿಗೆ ಕಬ್ಬಿನ ಒಣ ರವದಿ ಹಾಕುವ ನೆಪದಲ್ಲಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಣ್ಣೀರಿನಲ್ಲಿ ಅದ್ದಿದ ಬೆರಳಿಗೆ ಪಾಕ ತಾಗಿಸಿ, ಅಂಗೈಗೆ ತಿಕ್ಕಿ ಮೂಸಿ, "ಅಪ್ಪಾ, ಈಗ" ಎಂದು ಪಿಸುಗುಡುತ್ತಿದ್ದಳು. ಕೂಗುತ್ತಿದ್ದವನು ಅಪ್ಪ. ಹೆಣ್ಣು ಕೂಗಿದರೆ ಬೆಲ್ಲ ಕೂಡುವುದಿಲ್ಲವಂತೆ! ಮೂಸಿದರೆ ಕೂಡುತ್ತದೆ, ಕೂಗಿದರೆ ಕೂಡುವುದಿಲ್ಲ. ಆರು ಸುಗ್ಗಿ ಹಾಗೆ ನಡೆಯಿತು. ಜನ ಉಚ್ಚೆಂಗಪ್ಪನಿಗೆ ಶಾಲು ಹೊದಿಸಿದರು. ಆಮೇಲೆ ಆಲೆಮನೆಗಳೇ ಮುಚ್ಚಿದವು.

ಈಗ ಐವತ್ತರ ಹತ್ತಿರ ಮತ್ತೆ ಅದೇ ಪಿಸುಮಾತು. ಅವಳಿಗೆ ಅದು ಹೊಳೆದದ್ದು ಹಿಂದಿನ ತಿಂಗಳು, ಊಟದ ಕೋಣೆಯ ಕರಿಹಲಗೆಯ ಮುಂದೆ. ಬರಲಿರುವ ಬಾರ್ಲಿ ವೈನಿನ ಬಗ್ಗೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿತ್ತು: 'ಕಾಕಂಬಿ. ಉತ್ತತ್ತಿ ಸಿಪ್ಪೆ. ಹಳೆ ಹುಣಸೆ ತೊಕ್ಕು.' ಕೆಳಗೆ, 'ನಮ್ಮ ಭಾರ್ಗವ್ ಅವರ ನಾಲಿಗೆ ಕಂಡಂತೆ.' ಊರಿನ ಹೆಂಗಸರ ಸಂಘದಲ್ಲಿ ಅಕ್ಷರ ಕಲಿತದ್ದಕ್ಕೆ ಅಂದು ಮೊದಲ ಸಲ ಜಂಬಮ್ಮನಿಗೆ ಬೇಸರವಾಯಿತು. ಓದಲು ಬಾರದಿದ್ದರೆ ನೋಯುತ್ತಿರಲಿಲ್ಲ.

"ಅವನ ನಾಲಿಗಿ ಉತ್ತತ್ತಿ ಕಂಡತೇನು? ಅವನಿಗೆ ಉಪ್ಪಿಗೂ ಸಕ್ಕರಿಗೂ ಫರಕ್ ಗೊತ್ತಾಗಲ್ಲ," ಎಂದಳು ದ್ಯಾಮಕ್ಕನ ಮುಂದೆ.

ದ್ಯಾಮಕ್ಕ ಅದೇ ರೆಸಾರ್ಟಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ಇಬ್ಬರೂ ಕಂಪ್ಲಿಯಿಂದ ಒಂದೇ ಬಸ್ಸಿಗೆ ಬರುವವರು. ಹಿಟ್ಟಿನಿಂದ ತಲೆ ಎತ್ತದೆ ಹೇಳಿದಳು, "ನೀ ಹೇಳಿಕೊಟ್ಟಿ, ಅವ ಬರದ. ಮೂಸೋದ ಪಾಪ ಅಂತೀನಿ ನಾ. ಆಣಿ ನೆನಪೈತೋ ಇಲ್ಲೋ?"

"ಮೂಸಂಗಿಲ್ಲ ಅಂತ ಆಣಿ ಮಾಡಿಲ್ಲ. ಗಂಟಲಿಗೆ ಇಳಸಂಗಿಲ್ಲ ಅಂತ ಮಾಡೇವಿ."

"ವಕೀಲಳಾಗು ಹೋಗು."

ಇಪ್ಪತ್ತು ವರ್ಷದ ಹಿಂದೆ ಕಂಪ್ಲಿಯ ಸಾರಾಯಿ ಅಂಗಡಿಯ ಮುಂದೆ ನಲವತ್ತು ಹೆಂಗಸರು ಹನ್ನೊಂದು ದಿನ ಕೂತಿದ್ದರು. ಮುಂದಾಳು ದ್ಯಾಮಕ್ಕ. ಹುಲಿಗೆಮ್ಮ ದೇವಿಯ ಭಂಡಾರದ ಅರಿಸಿನ ಅಂಗೈಯಲ್ಲಿಟ್ಟುಕೊಂಡು ಆಣೆ ಮಾಡಿದ್ದರು: ಮನೆಗೆ ತರಲು ಬಿಡುವುದಿಲ್ಲ, ನಮ್ಮ ಗಂಟಲಿಗೆ ಒಂದು ಹನಿ ಇಳಿಸುವುದಿಲ್ಲ. ಅಂಗಡಿ ಮುಚ್ಚಿತು. ಮುಂದೆ ಸರ್ಕಾರವೇ ಸಾರಾಯಿ ನಿಲ್ಲಿಸಿತು. ಅದರ ಜಾಗಕ್ಕೆ ಸಣ್ಣ ಸಣ್ಣ ರಟ್ಟಿನ ಪೊಟ್ಟಣದಲ್ಲಿ ವಿಸ್ಕಿ ಬಂತು, ಅದೂ ಸರ್ಕಾರದ ಮುದ್ರೆಯೊಂದಿಗೇ. ಜಂಬಮ್ಮನ ಗಂಡ ಎರಡನ್ನೂ ಕುಡಿದು, ಎರಡರಲ್ಲೂ ಒಂದೇ ರುಚಿ ಕಂಡು, ತೀರಿಕೊಂಡ. ಆಣೆ ಮಾತ್ರ ಉಳಿಯಿತು.

ಆ ಗುರುವಾರ ಬೆಳಿಗ್ಗೆ ಅಂಗೈ ಮೂಸಿದಾಗ ಜಂಬಮ್ಮ ಮುಖ ಕಿವಿಚಿದಳು. "ಘಾಟು ಇನ್ನ ಹೋಗಿಲ್ರಿ ಸರ. ಮೂಗಿನಾಗ ಸೂಜಿ ಚುಚ್ಚಿದಂಗ ಆಕೈತಿ. ಇನ್ನೊಂದು ತಿಂಗಳು ಬಿಡ್ರಿ."

ಭಾರ್ಗವನ ಮುಖ ಇಳಿಯಿತು. ಶನಿವಾರ ಸಂಡೂರಿನ ಕಡೆಯ ಗಣಿ ಮಂದಿಗೆ ಶಂಭುಲಿಂಗಪ್ಪ ಊಟ ಇಟ್ಟುಕೊಂಡಿದ್ದ, ಈ ರಸವನ್ನೇ ಕೊಡುತ್ತೇನೆಂದು ಹೇಳಿಯೂ ಆಗಿತ್ತು. ಒಮ್ಮೆ ಟ್ಯಾಂಕಿನಿಂದ ಸ್ಟೀಲ್ ಪೀಪಾಯಿಗಳಿಗೆ ಇಳಿಸಿದರೆ ಮುಗಿಯಿತು, ತಿರುಗಿ ಸುರಿಯುವಂತಿಲ್ಲ. "ಆಗಿಲ್ಲ ಅಂತ ನಾ ಹೇಳ್ತೀನಿ ಸರ್‌ಗೆ," ಎಂದ.

ಮಧ್ಯಾಹ್ನ ಶಂಭುಲಿಂಗಪ್ಪ ಬಂದು ಗಾಜಿನ ಗೋಡೆಯ ಪಕ್ಕದ ಮೇಜಿಗೆ ಕೂತ. ಬಿಳಿ ಅಂಗಿ, ಹಣೆಗೆ ವಿಭೂತಿ. ಕುಡಿಯುವವನಲ್ಲ, ಕುಡಿಸುವವನು. ಭಾರ್ಗವ್ ಹೊಟ್ಟೆ ಉಬ್ಬಿದ ಪುಟ್ಟ ಗ್ಲಾಸಿಗೆ ರಸ ಸುರಿದ. ಜಂಬಮ್ಮ ನೀರಿನ ಜಗ್ಗು ಹಿಡಿದು ಗೋಡೆಯ ಬಳಿ ನಿಂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ದ್ಯಾಮಕ್ಕನ ಹಿಟ್ಟು ಮೆತ್ತಿದ ಕೈ ಕಾಣುತ್ತಿತ್ತು.

"ಏನಪಾ ಭಾರ್ಗವ, ರೆಡಿ ಆತೋ ಇಲ್ಲೋ? ಒಂದು ವರ್ಷ ಬಸರಿ ಇದ್ದಂಗ ಆತು ನಿನ್ನ ಟ್ಯಾಂಕು."

ಭಾರ್ಗವ್ ಗ್ಲಾಸು ತಿರುಗಿಸಿದ, ಮೂಸಿದ, ಒಂದು ಗುಟುಕು ಕುಡಿದ. ಅವನ ಕಣ್ಣು ಒಡೆಯನ ಕಡೆಗೊಮ್ಮೆ, ಜಂಬಮ್ಮನ ಕಡೆಗೊಮ್ಮೆ ಹೋಗಿ ಬಂತು.

"ರೆಡಿ ಇದೆ ಸರ್."

ಇಷ್ಟು ದಿನ ಜಂಬಮ್ಮನ ಮಾತನ್ನು ಅವನು ತನ್ನದೆಂದು ಹೇಳಿದ್ದ. ಇಂದು ಅವಳ ಮಾತನ್ನು ಇಲ್ಲವೆಂದೇ ಮಾಡಿಬಿಟ್ಟ. ಮೊದಲನೆಯದನ್ನು ನುಂಗಿಕೊಂಡಿದ್ದಳು. ಇದು ಇಳಿಯಲಿಲ್ಲ.

"ಇಲ್ರಿ ಧಣೇರ. ಆಗಿಲ್ಲ."

ಶಂಭುಲಿಂಗಪ್ಪ ಕತ್ತು ಹೊರಳಿಸಿ, ಗೋಡೆಯೇ ಮಾತಾಡಿತೇನೋ ಎಂಬಂತೆ ನೋಡಿದ. "ಯಾರು, ಜಂಬಮ್ಮನ? ನೀ ಏನ್ ಕಂಡಿ?"

"ಘಾಟು ಐತ್ರಿ ಇನ್ನ. ಈಗ ಇಳಿಸಿದ್ರ ಹಸೀದು ಇಳಿಸಿದಂಗ."

"ಕುಡದೇನು?"

"ಇಲ್ರಿ. ಅಂಗೈಗೆ ತಿಕ್ಕಿ ನೋಡೀನಿ."

ಶಂಭುಲಿಂಗಪ್ಪ ತೊಡೆ ತಟ್ಟಿ ನಕ್ಕ. "ಕೇಳಪಾ ಭಾರ್ಗವ! ನೀನು ಪುಣೇಕ ಹೋಗಿ ಕಲತದ್ದು ದಂಡ. ಈಕಿ ಕೈಗೆ ಹಚ್ಚಿಕೊಂಡು ಹೇಳ್ತಾಳ, ಮೆಹಂದಿ ಹಚ್ಚಿಕೊಂಡಂಗ!" ಆಮೇಲೆ ನಗು ನಿಲ್ಲಿಸಿ, ಗ್ಲಾಸನ್ನು ಮೇಜಿನ ಅಂಚಿಗೆ ಸರಿಸಿದ. "ಹೇಳಾಕ ಬಂದಿ, ನುಂಗಿ ಹೇಳು. ಇಲ್ಲಂದ್ರ ಜಗ್ಗು ಇಟ್ಟು ಕೆಲಸ ನೋಡು."

ಭಾರ್ಗವ್ ನೆಲ ನೋಡುತ್ತಿದ್ದ. ಅಡುಗೆಮನೆ ಬಾಗಿಲಿನಿಂದ ದ್ಯಾಮಕ್ಕ, "ಜಂಬೀ," ಎಂದಳು. ಅಷ್ಟೇ.

ಜಗ್ಗು ಇಟ್ಟು ಹೋಗಬಹುದಿತ್ತು. ಹೋದರೆ ಆಣೆ ಉಳಿಯುತ್ತದೆ, ಸಂಬಳವೂ ಉಳಿಯುತ್ತದೆ. ಕಳೆದುಹೋಗುವುದು ಅವಳ ಮಾತೊಂದೇ. ಅವಳು ಗ್ಲಾಸನ್ನು ಎತ್ತಿದಳು. ಕಂಚಿನ ಬಣ್ಣ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಬಾಯಿಗೆ ಬಿಟ್ಟುಕೊಂಡಳು. ಉಗಿಯಲಿಲ್ಲ. ಇಳಿಸಿದಳು.

ಮೊದಲು ಸಿಹಿ. ಕೊಪ್ಪರಿಗೆಯ ಅಂಚಿಗೆ ಅಂಟಿ ಕಪ್ಪಾದ ಪಾಕದ್ದು, ಚಿಕ್ಕವರಿದ್ದಾಗ ಉಗುರಿನಿಂದ ಕೆರೆದು ತಿನ್ನುತ್ತಿದ್ದಂಥದು. ಅದು ನಾಲಿಗೆಯ ನಡುವೆ ಬರುವಷ್ಟರಲ್ಲಿ ಉತ್ತತ್ತಿಯ ಒಗರಾಯಿತು, ಅಂಚುಗಳಲ್ಲಿ ಹುಣಸೆ ಎದ್ದಿತು. ಇಷ್ಟು ಅಂಗೈಗೂ ಗೊತ್ತಿತ್ತು. ಗಂಟಲಿಗೆ ಇಳಿಯುವ ತಿರುವಿನಲ್ಲಿ ಅಂಗೈಗೆ ಗೊತ್ತಿಲ್ಲದ್ದೊಂದು ಕಾದಿತ್ತು. ಬೇವಿನ ಹೂವಿನಂಥ ಕಹಿ ಬಂದು ಸಿಹಿಯನ್ನು ಹಿಡಿದು ನಿಲ್ಲಿಸಿತು. ಸೂಜಿ ಚುಚ್ಚೀತು ಎಂದು ಕಾದಳು. ಚುಚ್ಚಲಿಲ್ಲ. ಆ ಘಾಟು ಸಿಹಿಯ ಒಳಗೆ ಎಂದೋ ಕರಗಿ, ಎದೆಯಲ್ಲಿ ಬರೀ ಬಿಸಿಯಾಗಿ ಹರಡಿತು, ನಿಧಾನವಾಗಿ, ಯಾರ ಅವಸರವೂ ಇಲ್ಲದೆ.

ಅವಳಿಗೆ ಗಂಡ ಕುಡಿಯುತ್ತಿದ್ದ ರೀತಿ ಕಣ್ಣಿಗೆ ಬಂತು. ನಿಂತೇ, ಮೂಗು ಹಿಡಿದು, ಒಂದೇ ಗುಟುಕಿಗೆ. ರುಚಿ ನೋಡಬಾರದೆಂದೇ ಮಾಡಿದ ಮದ್ಯವದು. ಇಲ್ಲಿ ಒಂದು ಗ್ಲಾಸಿಗೆ ಒಂದು ಸಂಜೆ ಕೊಡುತ್ತಾರೆ. ಕೂರಲು ಮೆತ್ತನೆ ಕುರ್ಚಿ, ನೋಡಲು ಗುಡ್ಡ. ಇವರು ಕುಡಿದರೆ ಅಭಿರುಚಿ, ಅವನು ಕುಡಿದರೆ ಚಟ. ಅವನ ನಾಲಿಗೆಯಲ್ಲೂ ಉತ್ತತ್ತಿ ಇದ್ದಿರಬಹುದು. ಯಾರೂ ಕೇಳಲಿಲ್ಲ. ಅವಳೂ ಕೇಳಿರಲಿಲ್ಲ.

"ಹೂಂ, ಹೇಳು," ಎಂದ ಶಂಭುಲಿಂಗಪ್ಪ.

ಈಗ ಅವಳಿಗೆ ತನ್ನ ತಪ್ಪು ಪೂರಾ ತಿಳಿದಿತ್ತು. ಆಲೆಮನೆಯಲ್ಲಿ ಪಾಕ ಬಿಸಿ, ಕೈ ತಣ್ಣಗೆ. ಇಲ್ಲಿ ರಸ ತಣ್ಣಗೆ; ಬೆಳಗಿನಿಂದ ಬಿಸಿನೀರಿನಲ್ಲಿ ಟ್ಯಾಂಕು ತೊಳೆದ ಅವಳ ಕೈ ಕೆಂಡ. ತಿಕ್ಕಿದ ಕೂಡಲೇ ಉಳಿದೆಲ್ಲವನ್ನೂ ಹಿಂದೆ ಹಾಕಿ ಘಾಟೊಂದೇ ಮುಂದೆ ಹಾರುತ್ತಿತ್ತು. ಅಪ್ಪ ಕಲಿಸಿದ ಹದ ಇಲ್ಲಿಗೆ ಹೊಂದುವುದಿಲ್ಲ. ಆಗಿಲ್ಲ ಎಂದೇ ಹಟ ಹಿಡಿದರೆ? ನಂಬುವವರು ನಂಬುತ್ತಾರೆ. ಆಣೆ ಮುರಿದದ್ದಕ್ಕೆ ಮಾನವಾದರೂ ಸಿಗುತ್ತದೆ. ನಾಲಿಗೆಯ ಮೇಲೆ ಕಹಿ ಇನ್ನೂ ಇತ್ತು, ಹಿತವಾಗಿ, ಸುಳ್ಳಾಡಲು ಬಿಡದೆ.

"ನಾ ಅಂದದ್ದು ತಪ್ಪು ಧಣೇರ. ಹದ ಬಂದೈತಿ. ಭಾಳ ಚೊಲೊ ಬಂದೈತಿ."

ಶಂಭುಲಿಂಗಪ್ಪ ಮೇಜು ಕುಟ್ಟಿದ. "ನೋಡಿದೇನು! ಭಾರ್ಗವ ಹೇಳಿದ್ದ ಖರೆ ಆತು. ಸುಮ್ನ ನಡುವ ಬಾಯಿ ಹಾಕಿದಿ."

ಭಾರ್ಗವನ ಮೂಗು ಕಟ್ಟಿತ್ತು, ಕಿವಿ ಕೆಂಪಾಗಿತ್ತು. ಅವನು ನಿಜ ಹೇಳಲಾರ ಎಂದು ಜಂಬಮ್ಮ ನೋಡಿ ಖಚಿತ ಮಾಡಿಕೊಂಡಳು.

"ಖರೆ ಆತ್ರಿ. ಆದ್ರ ಅವರಿಗೆ ಗೊತ್ತಿತ್ತೇನು ಕೇಳ್ರಿ. ಎಂಟು ತಿಂಗಳಿಂದ ಇದನ್ನ ನೋಡಿ ಹೇಳಿದಾಕಿ ನಾನು. ಇವತ್ತಿನ ತಪ್ಪು ನಂದು ಅಂತ ಎಲ್ಲಾರ ಮುಂದ ಒಪ್ಪಿಕೊಂಡೆ. ತಪ್ಪು ನಂದು ಅಂದ ಮ್ಯಾಲೆ ಉಳದದ್ದೂ ನಂದ. ಹಲಗಿ ಮ್ಯಾಲಿನ ಕಾಕಂಬಿ ನಂದು, ಉತ್ತತ್ತಿ ನಂದು, ಹುಣಸಿ ತೊಕ್ಕು ನಂದು."

ಶಂಭುಲಿಂಗಪ್ಪ ಭಾರ್ಗವನನ್ನು ನೋಡಿದ. "ಹೌದೇನೋ?"

"ಹೌದು ಸರ್," ಎಂದ ಭಾರ್ಗವ್, ಗ್ಲಾಸಿನೊಳಗೆ ಹೇಳಿದ ಹಾಗೆ. ಆಮೇಲೆ ಇನ್ನೂ ಸಣ್ಣಗೆ, "ಇವತ್ತು ನಾನು ರೆಡಿ ಅಂದಿದ್ದು ನಿಮ್ಮ ಹೆದರಿಕೆಗೆ."

ಶಂಭುಲಿಂಗಪ್ಪ ಎದ್ದು ನಿಂತ. ಬೈಯುವುದೋ ಹೊಗಳುವುದೋ ಅವನಿಗೇ ತಿಳಿಯಲಿಲ್ಲ. "ಶನಿವಾರ ಇಳಿಸ್ರಿ," ಎಂದಷ್ಟೇ ಹೇಳಿ ಹೋದ. ಯಾರಿಗೆ ಹೇಳಿದ ಎಂಬುದು ಸ್ಪಷ್ಟವಿರಲಿಲ್ಲ.

ಸಂಜೆ ಕಂಪ್ಲಿ ಬಸ್ಸಿನಲ್ಲಿ ದ್ಯಾಮಕ್ಕ ಪಕ್ಕದಲ್ಲಿ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಕಮಲಾಪುರ ದಾಟಿತು, ಬಾಳೆ ತೋಟಗಳು ಹಿಂದೆ ಬಿದ್ದವು. ಜಂಬಮ್ಮನೂ ಕರೆಯಲಿಲ್ಲ. ಏನೆಂದು ಕರೆಯುವುದು? ಇಪ್ಪತ್ತು ವರ್ಷ ಜೊತೆಗಿದ್ದವಳ ಮುಂದೆಯೇ ಮುರಿದದ್ದು.

ಊರು ಹತ್ತಿರವಾದಾಗ ದ್ಯಾಮಕ್ಕ ತಿರುಗದೆಯೇ ಅಂದಳು, "ಮಂಗಳವಾರ ಸಂಘ ಐತಿ. ನಾ ಯಾರಿಗೂ ಹೇಳಂಗಿಲ್ಲ. ನೀ ಏನೂ ಅಂಜಬ್ಯಾಡ."

"ನೀ ಹೇಳಬ್ಯಾಡ," ಎಂದಳು ಜಂಬಮ್ಮ. "ನಾನ ಹೇಳ್ತೀನಿ."

"ಬೈತಾರಲೇ."

"ಬೈಲಿ. ಕುಂತು ಕೇಳಲಿ, ಆಮ್ಯಾಲೆ ಬೈಲಿ."

ದ್ಯಾಮಕ್ಕ ಸೀಟಿನ ಮೇಲಿದ್ದ ತನ್ನ ಚೀಲವನ್ನು ತೊಡೆಗೆ ಎತ್ತಿಕೊಂಡಳು. ಪಕ್ಕದ ಜಾಗ ಖಾಲಿಯಾಯಿತು. ಬಾ ಎನ್ನಲಿಲ್ಲ. ಜಂಬಮ್ಮ ಸ್ವಲ್ಪ ಹೊತ್ತು ಆ ಖಾಲಿ ಸೀಟನ್ನೇ ನೋಡುತ್ತ ಕೂತಿದ್ದಳು.